ಮೂರನೆಯ ಊಹೆ

ಅಕ್ಟೋಬರ್ 26, ಶನಿವಾರ. ಬೆನಿಡಾರ್ಮ್, ಸ್ಪೇನ್

ಬಂದಾಯಿತು. ಬೇಡ ಬೇಡ ಎಂದರೂ ಬಂದಾಯಿತು. ವಿಮಾನದಲ್ಲಿ ನನ್ನ ಹಿಂದಿನ ಸಾಲಿನಲ್ಲಿ ನಮ್ಮೂರ ಪಕ್ಕದ ಸ್ಟ್ರಾಬೇನ್ ಕಡೆಯ ಎಂಟು ಜನ ಗಂಡಸರು, ಎಂಟೂ ಜನಕ್ಕೆ ಸನ್ಯಾಸಿನಿಯರ ವೇಷ. ಹ್ಯಾಲೊವೀನ್‌ಗೆ ಇನ್ನೂ ಐದು ದಿನ ಇದೆ. ಬೆಳಗ್ಗೆ ಏಳಕ್ಕೇ ಬಿಯರ್ ಇಳಿಸಿ ನನ್ನನ್ನು "ಮದರ್, ಮದರ್" ಎಂದು ಕರೆಯತೊಡಗಿದರು. ತಿರುಗಿ ಒಂದು ನೋಟ ನೋಡಿದೆ. ನಮ್ಮೂರು ಡೆರಿಯ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಊಟ ಬಡಿಸಿದವಳ ನೋಟ ಅದು. ಆಲಿಕಾಂಟೆಯಲ್ಲಿ ವಿಮಾನ ಇಳಿಯುವ ತನಕ ಒಬ್ಬನೂ ಉಸಿರೆತ್ತಲಿಲ್ಲ.

ಇದೆಲ್ಲ ಪಕ್ಕದ ಮನೆಯ ಡಿಂಪ್ನಾಳ ಕರಾಮತ್ತು. ಗಂಡ ಹೋದ ಮೇಲೆ ಅವಳಿಗೆ ವರ್ಷಕ್ಕೊಮ್ಮೆ ಬಿಸಿಲು ಬೇಕು, ಜೊತೆಗೆ ರೇಗಿಸಲು ಒಂದು ಜನವೂ ಬೇಕು.

"ಅರವತ್ತೆರಡಾಯ್ತು ನಿಂಗೆ ಮಜೆಲ್ಲಾ," ಎಂದಳು ಟಿಕೆಟ್ ತಂದ ದಿನ. "ಒಂದ್ಸಲನಾದ್ರೂ ಬಿಸಿಲಿಗೆ ಮೈಯೊಡ್ಡು. ನಿನ್ನ ಮುಖ ನೋಡಿದ್ರೆ ಕಾಸಿದ ಹಾಲೂ ಒಡೆದ್ಹೋಗುತ್ತೆ."

"ಹಂಗಾದ್ರೆ ನೋಡಬೇಡ."

"ಮೂವತ್ತು ವರ್ಷದಿಂದ ಅಕ್ಕಪಕ್ಕ ಇದೀವಿ. ಎಲ್ಲಿಗೇಂತ ಮುಖ ತಿರುಗಿಸ್ಲಿ?"

ಹೋಟೆಲಿನ ಟೀ ಕಲಗಚ್ಚಿನ ಹಾಗಿದೆ. ಈಜುಕೊಳದ ಸುತ್ತ ಅರೆಬತ್ತಲೆ ಜನ, ಮಧ್ಯಾಹ್ನಕ್ಕೇ ಡಬ್ ಡಬ್ ಸಂಗೀತ. ಒಂದು ವಾರ ಕಳೆದರೆ ಸಾಕು.

ಇನ್ನೊಂದು ವಿಷಯವನ್ನೂ ಮೊದಲೇ ಬರೆದಿಡುತ್ತೇನೆ, ಆಮೇಲೆ ನನಗೇ ಗೊಂದಲವಾಗಬಾರದು. ಈ ಊರಿನಲ್ಲಿ ನನ್ನ ತಂಗಿ ಇದ್ದಾಳೆ. ಹಳೆಪೇಟೆಯಲ್ಲಿ ಒಂದು ಬಾರ್ ನಡೆಸುತ್ತಾಳೆ. ಅಮ್ಮನನ್ನು ಮಣ್ಣು ಮಾಡಿದ ದಿನದಿಂದ, ಅಂದರೆ ಏಳು ವರ್ಷದಿಂದ, ನಮ್ಮಿಬ್ಬರಿಗೆ ಮಾತಿಲ್ಲ. ನಾನು ಅವಳನ್ನು ನೋಡಲು ಬಂದವಳಲ್ಲ. ಪ್ಯಾಕೇಜಿನಲ್ಲಿ ಬೆಳಗಿನ ತಿಂಡಿಯೂ ಸೇರಿತ್ತು, ಅದಕ್ಕೆ ಬಂದೆ.

ಅಕ್ಟೋಬರ್ 27, ಭಾನುವಾರ

ಇಗರ್ಜಿಯ ಬಲಿಪೂಜೆ ಮುಗಿಸಿ ಸಮುದ್ರದ ದಂಡೆಯುದ್ದಕ್ಕೂ ನಡೆದೆವು. ಅಂಗಡಿ ಅಂಗಡಿಗೂ ಪ್ಲಾಸ್ಟಿಕ್ ಕುಂಬಳಕಾಯಿ, ಕೆಂಪು ಬಣ್ಣ ಸುರಿದ ರಬ್ಬರಿನ ಕೈಗಳು, ಮಾಟಗಾತಿಯ ಟೋಪಿ ಕೊಂಡರೆ ಒಂದು ಬಿಯರ್ ಬಿಟ್ಟಿ. ನಮ್ಮವರು ಹಿಂಡುಹಿಂಡಾಗಿ ಬಂದಿದ್ದಾರೆ. ಶಾಲೆಗಳಿಗೆ ರಜೆ, ಊರಲ್ಲಿ ಚಳಿ, ಇಲ್ಲಿ ಬಿಸಿಲು. ಹ್ಯಾಲೊವೀನನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬಂದು ಪರದೇಶದ ಬೀದಿಯಲ್ಲಿ ಕುಣಿಯುವುದು ಈಗಿನ ಪದ್ಧತಿ.

ನಾವು ಚಿಕ್ಕವರಿದ್ದಾಗ ಕುಂಬಳಕಾಯಿ ಎಲ್ಲಿತ್ತು? ಒಳಗೆ ದೀಪ ಇಡಲು ಟರ್ನಿಪ್ ಗೆಡ್ಡೆ ಕೊರೆಯುತ್ತಿದ್ದೆವು, ಚಮಚ ಬಾಗಿಹೋಗುತ್ತಿತ್ತು. ಅಪ್ಪನ ಹಳೆಯ ಕೋಟನ್ನು ಒಳಗು ಹೊರಗು ಮಾಡಿ ತೊಟ್ಟು, ದಿಂಬಿನ ಚೀಲಕ್ಕೆ ಕಣ್ಣಿನ ತೂತು ಮಾಡಿ ತಲೆಗೆಳೆದುಕೊಂಡು ಮನೆಮನೆಗೆ ಹೋಗುತ್ತಿದ್ದೆವು. ಅಡಿಗೆಮನೆಯ ನಡುವೆ ಸುಮ್ಮನೆ ನಿಲ್ಲಬೇಕು. ತುಟಿ ಪಿಟಕ್ಕೆನ್ನಬಾರದು, ದನಿ ಕೇಳಿದರೆ ಗುರುತು ಸಿಕ್ಕಿಬಿಡುತ್ತದೆ. ಮನೆಯವರಿಗೆ ಮೂರು ಊಹೆ. ಸರಿಯಾಗಿ ಹೆಸರು ಹೇಳಿದರೆ ಮುಖವಾಡ ತೆಗೆಯಲೇಬೇಕು. ಮೂರೂ ತಪ್ಪಾದರೆ ಜೇಬು ತುಂಬ ಆಕ್ರೋಟು, ಒಂದು ಸೇಬು. ನನ್ನ ಜೊತೆಗಿದ್ದವಳು ಪ್ರತಿಸಲ ಎರಡನೆಯ ಊಹೆಗೇ ಕಿಸಕ್ಕೆಂದು ನಕ್ಕುಬಿಡುತ್ತಿದ್ದಳು. ಅವಳ ಗುರುತು ಸಿಕ್ಕರೆ ನನ್ನದೂ ಸಿಕ್ಕ ಹಾಗೆಯೇ. ಅವಳಿಂದಾಗಿ ಎಷ್ಟು ಆಕ್ರೋಟು ಕಳೆದುಕೊಂಡೆನೋ.

ಡಿಂಪ್ನಾ ಐಸ್‌ಕ್ರೀಮ್ ನೆಕ್ಕುತ್ತ ಸಮುದ್ರದ ಕಡೆ ನೋಡಿಕೊಂಡು ಹೇಳಿದಳು: "ನಿನ್ನ ತಂಗಿ ಗೊರೆಟ್ಟಿ ಬಾರಲ್ಲಿ ಈಗ್ಲೂ ಅದೇ ಆಟ ಆಡಿಸ್ತಾಳಂತೆ ಕಣೇ. ಗುರುವಾರ ಸಾಯಂಕಾಲ. ನಮ್ಮೂರೋರೆಲ್ಲ ಸೇರ್ತಾರಂತೆ."

"ನಿನ್ನ ಯಾರು ಕೇಳಿದ್ರು?"

"ನಿಂಗೆಲ್ಲಿ ಹೇಳ್ದೆ? ಸಮುದ್ರಕ್ಕೆ ಹೇಳ್ದೆ."

ಅಕ್ಟೋಬರ್ 28, ಸೋಮವಾರ

ಹಿಮ್ಮಡಿಯಲ್ಲಿ ಬೊಬ್ಬೆ. ಅಂಟುಪಟ್ಟಿ ತರಲು ಹಳೆಪೇಟೆಯ ಔಷಧಿ ಅಂಗಡಿಗೆ ಹೋಗಿ ಬಂದೆ. ವಾಪಸು ಬಂದ ಮೇಲೆ ನೋಡುತ್ತೇನೆ, ಹೋಟೆಲಿನ ಪಕ್ಕದಲ್ಲೇ ಒಂದು ಔಷಧಿ ಅಂಗಡಿ ಇದೆ.

ಅಕ್ಟೋಬರ್ 29, ಮಂಗಳವಾರ

ಇವತ್ತು ದಾರಿ ತಪ್ಪಿತು. ತಪ್ಪಿ ಹಳೆಪೇಟೆಯ ಅದೇ ಓಣಿಗೆ ಬಂದೆ. ಬಾರಿನ ಎದುರಿಗಿದ್ದ ಕಾಫಿ ಅಂಗಡಿಯ ಮೂಲೆಯಲ್ಲಿ ಕೂತೆ, ಕಾಲು ನೋಯುತ್ತಿತ್ತು. ಒಂದೂವರೆ ಗಂಟೆ ನೋಯಿತು.

ಅವಳು ಹೊರಗೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿದೆ, ಬಣ್ಣ ಹಚ್ಚಿಲ್ಲ. ಹಿಂದಿನಿಂದ ನೋಡಿದರೆ ಥೇಟ್ ಅಮ್ಮ. ಬಾಟಲಿ ತುಂಬಿದ ಕ್ರೇಟನ್ನು ಸೊಂಟಕ್ಕೆ ಆನಿಸಿಕೊಂಡು ಒಳಗೆ ಒಯ್ದಳು. ಐವತ್ತೆಂಟು ವಯಸ್ಸಿಗೆ ಹಾಗೆ ಕ್ರೇಟು ಎತ್ತಬಾರದು, ಸೊಂಟ ಹಿಡಿದುಕೊಳ್ಳುತ್ತದೆ. ಜೊತೆಗಿರುವ ವಿಸೆಂತೆ ಎಂಬ ಆ ಸ್ಪೇನಿನವನಿಗೆ ಎತ್ತಲು ಏನಾಗಿತ್ತೋ. ನನಗೇನು, ಅವರ ಸಂಸಾರ.

ಮಧ್ಯಾಹ್ನ ಡಿಂಪ್ನಾ ಮರಳಿನ ಮೇಲೆ ಟವೆಲ್ ಹಾಸಿಕೊಂಡು ಕಾಯುತ್ತಿದ್ದಳು.

"ಎಲ್ಲಿಗ್ಹೋಗಿದ್ದೆ?"

"ದಾರಿ ತಪ್ತು."

"ನಿನ್ನೇನೂ ತಪ್ಪಿತ್ತು. ಅದ್ಯಾವ ದಾರೀನೇ ಅದು, ದಿನಾ ಒಂದೇ ಕಡೆ ತಪ್ಪೋದು?"

ನಾನು ಚಪ್ಪಲಿಯ ಮರಳು ಕೊಡವಿದೆ. ಅವಳು ಎದ್ದು ಕೂತಳು. ನಗು ಹೋಗಿತ್ತು.

"ನಾನೂ ಆವತ್ತು ಗೋರಿ ಹತ್ರ ಇದ್ದೆ ಮಜೆಲ್ಲಾ. ಜಗಳ ಕಣ್ಣಾರೆ ನೋಡ್ದೆ. ಆದ್ರೆ ಏಳು ವರ್ಷ ಮಾತು ಬಿಡೋವಂಥದ್ದು ಏನಿತ್ತು ಅದ್ರಲ್ಲಿ?"

"ತಡವಾಗಿ ಬಂದೋಳು ಅವಳು. ಬಂದು ಶವಪೆಟ್ಟಿಗೆಯವ್ರ ಮೇಲೆ ಕೂಗಾಡಿದೋಳೂ ಅವಳೇ. ಊರೆಲ್ಲ ನೋಡ್ತಿತ್ತು. ಅಷ್ಟು ಮರ್ಯಾದಸ್ಥರು ಯೂನನ್ ಟೋಲಂಡ್, ತಲೆ ತಗ್ಗಿಸಿ ನಿಂತಿದ್ರು."

"ಅಷ್ಟೇನಾ?"

"ಅಷ್ಟೇ."

ನೀರು ತಣ್ಣಗಿರಲಿಲ್ಲ. ಮೊಣಕಾಲಿನವರೆಗೂ ಇಳಿದೆ. ಬೊಬ್ಬೆಗೆ ಉಪ್ಪುನೀರು ಒಳ್ಳೆಯದಂತೆ.

ಅಕ್ಟೋಬರ್ 30, ಬುಧವಾರ

ಮಳೆ. ಡಿಂಪ್ನಾ ಕೆಳಗೆ ಬಿಂಗೋ ಆಡುತ್ತಿದ್ದಾಳೆ, ಕೋಣೆಯಲ್ಲಿ ನಾನೊಬ್ಬಳೇ. ನಿನ್ನೆ ಅವಳಿಗೆ ಹೇಳಿದ್ದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಇಲ್ಲಿ ಬರೆದರೆ ಯಾರಿಗೆ ನಷ್ಟ.

ಅಮ್ಮ ತೀರಿಕೊಂಡದ್ದು ಫೆಬ್ರವರಿಯ ಒಂದು ಮಂಗಳವಾರ. ನಮ್ಮ ಕಡೆ ಎರಡು ರಾತ್ರಿ ಮನೆಯಲ್ಲೇ ಇಟ್ಟುಕೊಳ್ಳುತ್ತೇವೆ, ಪೆಟ್ಟಿಗೆಯ ಮುಚ್ಚಳ ತೆಗೆದು. ಬಂದವರು ಮುಖ ನೋಡಿ, ಹಣೆ ಮುಟ್ಟಿ, ಟೀ ಕುಡಿದು ಹೋಗುತ್ತಾರೆ. ಮೂರನೆಯ ಬೆಳಗ್ಗೆ ಮನೆಯವರು ಕಡೆಯ ಸಲ ನೋಡಿದ ಮೇಲೆ ಮುಚ್ಚಳ ಹಾಕಿ ಇಗರ್ಜಿಗೆ ಒಯ್ಯುವುದು. ಒಮ್ಮೆ ಹಾಕಿದ್ದನ್ನು ಮತ್ತೆ ತೆಗೆಯುವುದಿಲ್ಲ.

ಗೊರೆಟ್ಟಿಯ ವಿಮಾನ ಮಂಜಿನಿಂದಾಗಿ ಎರಡು ಸಲ ರದ್ದಾಯಿತು. ಕೊನೆಗೆ ಡಬ್ಲಿನ್‌ಗೆ ಬಂದಿಳಿದು ಬಸ್ಸು ಹಿಡಿದಿದ್ದಳು. ಮೂರನೆಯ ಬೆಳಗ್ಗೆ ಒಂಬತ್ತಕ್ಕೆ ಫೋನು ಬಂತು. "ಓಮಾ ಊರು ದಾಟ್ದೆ ಕಣೇ. ಇನ್ನೊಂದೇ ಗಂಟೆ. ಮುಚ್ಚಬೇಡಿ ಅಂತ ಹೇಳು, ಆಯ್ತಾ?" ಎಂದಳು. ಆಯ್ತು ಎಂದೆ.

ಅಂತ್ಯಕ್ರಿಯೆಯ ಏರ್ಪಾಡು ನೋಡಿಕೊಳ್ಳುವ ಯೂನನ್ ಟೋಲಂಡ್ ಕೈಯಲ್ಲಿ ಟೋಪಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಒಂದ್ಗಂಟೆ ತಾನೇ ಮಜೆಲ್ಲಾ. ಪಾದ್ರಿಗಳಿಗೆ ನಾನು ಹೇಳ್ತೀನಿ. ಕಾಯೋಣಮ್ಮ," ಎಂದರು. ನಾನು ಬೇಡ ಎಂದೆ. ಮುಚ್ಚಿಬಿಡಿ ಎಂದೆ. ಅವರು ಇನ್ನೊಂದು ಸಲ ಕೇಳಿದರು. ಇನ್ನೊಂದು ಸಲವೂ ಅದನ್ನೇ ಹೇಳಿದೆ.

ಯಾಕೆ ಹಾಗೆಂದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು. ಹನ್ನೊಂದು ವರ್ಷ ಅಮ್ಮನನ್ನು ನೋಡಿಕೊಂಡವಳು ನಾನು. ಮೈ ತೊಳೆದವಳು, ತುತ್ತು ಇಟ್ಟವಳು, ಹಾಸಿಗೆ ಬದಲಿಸಿದವಳು ನಾನು. ಅಮ್ಮನ ಬಾಯಲ್ಲಿ ಮಾತ್ರ ಅವಳ ಹೆಸರು. ಕಣ್ಣು ಬಿಟ್ಟರೆ ಗೊರೆಟ್ಟಿ, ಕಣ್ಣು ಮುಚ್ಚಿದರೆ ಗೊರೆಟ್ಟಿ. ಕಡೆಯ ನೋಟವಾದರೂ ನನಗೊಬ್ಬಳಿಗೇ ಇರಲಿ ಅನ್ನಿಸಿತು. ಹೊಟ್ಟೆಕಿಚ್ಚು, ಬೇರೇನೂ ಅಲ್ಲ.

ಅವಳು ಇಗರ್ಜಿಗೆ ಓಡುತ್ತ ಬಂದಾಗ ಮುಚ್ಚಳಕ್ಕೆ ತಿರುಪು ಬಿದ್ದಾಗಿತ್ತು. "ಯೂನನ್ ಒಪ್ಪಲಿಲ್ಲ" ಎಂದುಬಿಟ್ಟೆ. ಗೋರಿಯ ಹತ್ತಿರ ಅವಳು ಅವರ ಮೇಲೆ ಕೂಗಾಡಿದಳು, ಕಲ್ಲೆದೆಯವನು ಎಂದಳು. ಯೂನನ್ ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ತಲೆ ತಗ್ಗಿಸಿ "ತಪ್ಪಾಯ್ತಮ್ಮ" ಎಂದರು. ಅವಳು ನನ್ನ ಕಡೆ ತಿರುಗಿ, "ನೀನಾದ್ರೂ ತಡೀಬೋದಿತ್ತಲ್ಲೇ," ಎಂದಳು. ನಾನು ಸುಮ್ಮನಿರಬಹುದಿತ್ತು. "ಬದುಕಿದ್ದಾಗ ಬರದೇ ಇದ್ದೋಳಿಗೆ ಈಗೇನು ಅವಸರ? ಸ್ಯಾಂಡ್‌ವಿಚ್ ಮಾಡ್ಸಿದೀನಿ, ತಿನ್ಕೊಂಡು ಹೋಗು," ಎಂದೆ. ಅವಳು ತಿನ್ನದೆ ಹೋದಳು.

ಯೂನನ್ ಹೋದ ತಿಂಗಳು ತೀರಿಕೊಂಡರು. ನಾನೂ ಹೋಗಿ ಅವರ ಹಣೆ ಮುಟ್ಟಿ ಬಂದೆ. ಅವರ ಹೆಂಡತಿಗೂ ಈ ವಿಷಯ ಗೊತ್ತಿಲ್ಲ. ಈಗ ಇದು ಗೊತ್ತಿರುವುದು ನನಗೊಬ್ಬಳಿಗೇ. ನಾನೂ ಹೋದರೆ ಗೊರೆಟ್ಟಿ ಸಾಯುವ ತನಕ ಸತ್ತ ಮನುಷ್ಯನನ್ನು ಬೈಯುತ್ತಲೇ ಇರುತ್ತಾಳೆ.

ಡಿಂಪ್ನಾಗೆ ಬಿಂಗೋದಲ್ಲಿ ಒಂದು ಇಡೀ ಹ್ಯಾಮ್, ಉಪ್ಪು ಹಾಕಿದ ಹಂದಿಯ ಕಾಲು, ಬಂದಿದೆ. ವಿಮಾನದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋಗುತ್ತಾಳಂತೆ.

ಅಕ್ಟೋಬರ್ 31, ಗುರುವಾರ, ಮಧ್ಯಾಹ್ನ

ಸಾಯಂಕಾಲ ಹೋಗುತ್ತಿರುವುದು ಡಿಂಪ್ನಾಳ ಕಾಟಕ್ಕೆ. ಅವಳು ಸಿಗಡಿಯ ವೇಷ ಕೊಂಡಿದ್ದಾಳೆ. ಗುಲಾಬಿ ಬಣ್ಣ, ಬಾಲ, ತಲೆಯ ಮೇಲೆ ಎರಡು ಮೀಸೆ. ಬಿಸಿಲಿಗೆ ಬೆಂದ ಮುಖಕ್ಕೂ ಅದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ.

"ನೀನು?" ಎಂದಳು.

"ನಂಗೆ ಯಾವ ವೇಷಾನೂ ಬೇಡ."

"ವೇಷ ಇಲ್ದೋರನ್ನ ಒಳಗೆ ಬಿಡಲ್ಲ. ಹಿಂಗೇ ಬಂದ್ರೆ ಬಾಗಿಲಲ್ಲೇ ನಿನ್ನ ಗುರುತು ಹಿಡೀತಾಳೆ."

ಅವಳು ಸ್ನಾನಕ್ಕೆ ಹೋದಾಗ ಹೋಟೆಲಿನ ದಿಂಬಿನ ಚೀಲಕ್ಕೆ ಉಗುರು ಕತ್ತರಿಯಿಂದ ಎರಡು ತೂತು ಮಾಡಿದೆ. ಸುತ್ತಲೂ ಸಣ್ಣಗೆ ಹೊಲಿಗೆ ಹಾಕಿದೆ, ಎಳೆ ಬಿಡಬಾರದಲ್ಲ. ಕಂದು ಮಳೆಕೋಟನ್ನು ಒಳಗು ಹೊರಗು ಮಾಡಿದೆ. ಕನ್ನಡಿಯಲ್ಲಿ ನೋಡಿದರೆ ಅರವತ್ತೆರಡು ವರ್ಷದವಳು ಕಾಣಲೇ ಇಲ್ಲ. ನಗು ಬಂತು.

ಆಟ ಆರು ಗಂಟೆಗೆ. ಹೋಗಿ ಒಂದು ಮೂಲೆಯಲ್ಲಿ ಕೂತು ಬರುತ್ತೇನೆ. ಮಾತಾಡುವ ಉದ್ದೇಶವಿಲ್ಲ. ಆಟದಲ್ಲಿ ಮಾತಾಡುವ ಹಾಗೂ ಇಲ್ಲ.

ಅದೇ ದಿನ, ಒಂಬತ್ತು ಗಂಟೆ

ಡಿಂಪ್ನಾಳನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ಅವಳು ಬರುವ ಮುಂಚೆ ಬರೆದಿಡುತ್ತೇನೆ.

ಬಾರು ಚಿಕ್ಕದು. ಐವತ್ತು ಜನ ತುರುಕಿಕೊಂಡಿದ್ದರು. ಅಸ್ಥಿಪಂಜರಗಳು, ಮಾಟಗಾತಿಯರು, ವಿಮಾನದಲ್ಲಿದ್ದ ಆ ಎಂಟು ಸನ್ಯಾಸಿನಿಯರು. ಬೀದಿಯಲ್ಲಿ ಇಡೀ ಊರು ಕುಣಿಯುತ್ತಿದ್ದ ಸದ್ದು. ಗೊರೆಟ್ಟಿಗೆ ವೇಷವಿರಲಿಲ್ಲ, ಬರೀ ಏಪ್ರನ್. ಸರಿಯಾಗಿ ಆರಕ್ಕೆ ತಟ್ಟೆಯ ಮೇಲೆ ಚಮಚದಿಂದ ಬಡಿದಳು.

"ಯಾರೂ ಕಿಮಕ್ ಅನ್ನಬಾರ್ದು! ಮೂರೇ ಊಹೆ. ತಪ್ಪಿದ್ರೆ ಆಕ್ರೋಟು ನಿಮ್ದು, ಸರಿಯಾದ್ರೆ ಮುಖ ನಂದು."

ಮೇಜಿನಿಂದ ಮೇಜಿಗೆ ಬಂದಳು. ವಿಸೆಂತೆ ಸೇಬು, ಆಕ್ರೋಟಿನ ಬುಟ್ಟಿ ಹಿಡಿದು ಹಿಂದೆ. ಅವಳ ಬಾಯಿ ಒಂದಿಷ್ಟೂ ಬದಲಾಗಿಲ್ಲ. ಒಬ್ಬ ಸನ್ಯಾಸಿನಿಯ ಹೊಟ್ಟೆ ತಟ್ಟಿ, "ಈ ಬಸಿರು ಸ್ಟ್ರಾಬೇನ್‌ದು," ಎಂದಳು. ಜನ ಬಿದ್ದು ಬಿದ್ದು ನಕ್ಕರು. ಡಿಂಪ್ನಾಳ ಎದುರಿಗೆ ನಿಂತು, "ಈ ಸಿಗಡೀನ ಎಲ್ಲೋ ನೋಡಿದೀನಿ. ನಮ್ಮೂರ ಕ್ರೆಗನ್ ರಸ್ತೇಲಿ ಬೇಲಿ ಮೇಲೆ ಬಗ್ಗಿ ಹರಟೆ ಹೊಡೀತಿತ್ತು," ಎಂದಳು. ಡಿಂಪ್ನಾ ಮೀಸೆ ಕಿತ್ತು ಅವಳನ್ನು ತಬ್ಬಿಕೊಂಡಳು. ಗೊರೆಟ್ಟಿಯೂ ತಬ್ಬಿಕೊಂಡಳು. ಆಮೇಲೆ ಡಿಂಪ್ನಾಳ ಭುಜದ ಮೇಲಿಂದ ಪಕ್ಕದ ಕುರ್ಚಿ ನೋಡಿದಳು. ಅಲ್ಲಿ ನಾನಿದ್ದೆ.

ನನ್ನ ಮುಂದೆ ಬಂದು ನಿಂತಳು. ಮೊದಲನೆಯ ಊಹೆಯನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಇದು ಕೆಟ್ಟುನಿಂತ ಲಾಂಡ್ರಿ ಮೆಷಿನ್ನು." ಜನ ನಕ್ಕರು. ನಾನು ಅಲ್ಲ ಎಂದು ತಲೆಯಾಡಿಸಿದೆ. ಎರಡನೆಯದು: "ತೆರಿಗೆ ಆಫೀಸಿನೋರು." ಮತ್ತೆ ತಲೆಯಾಡಿಸಿದೆ. ಕೈ ಮಡಿಲಲ್ಲಿತ್ತು. ಶಾಲೆಯ ಒಲೆಯ ತಟ್ಟೆ ತಾಗಿ ಮಣಿಕಟ್ಟಿನ ಮೇಲಾದ ಸುಟ್ಟ ಕಲೆ ಕಾಣುತ್ತಿತ್ತು. ಮುಚ್ಚಿಕೊಳ್ಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಅವಳು ಆ ಕಲೆಯನ್ನು ನೋಡಿದಳು, ನೋಡುತ್ತಲೇ ನಿಂತಳು. ನಗು ಒಂದು ಕಡೆಯಿಂದ ಇಳಿದುಹೋಯಿತು. ಈಗ ಮಜೆಲ್ಲಾ ಎನ್ನುತ್ತಾಳೆ, ಈ ಜನರ ಮುಂದೆ ಚೀಲ ತೆಗೆಯಬೇಕು ಎಂದುಕೊಂಡೆ.

ಅವಳು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ದನಿ ತಗ್ಗಿಸಿ, "ನೀನು ಬ್ರೈಡಿ ಹಾರ್ಕಿನ್," ಎಂದಳು.

ಅದು ಅಮ್ಮನ ಹೆಸರು.

ಊಹೆ ತಪ್ಪು. ನಿಯಮದ ಪ್ರಕಾರ ಮುಖವಾಡ ನನ್ನದೇ, ಆಕ್ರೋಟೂ ನನ್ನದೇ. ಬೇಕೆಂದೇ ತಪ್ಪು ಹೇಳಿ ನನ್ನನ್ನು ಪಾರು ಮಾಡಿದ್ದಳು. ಅವಳು ಎದ್ದು ಹೋಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೋಗಲಿಲ್ಲ. ಚೀಲದ ತೂತುಗಳನ್ನೇ ನೋಡುತ್ತ, ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು: "ನೀನು ಅಮ್ಮ ಆಗಿದ್ರೆ ಒಂದು ಕೇಳ್ತಿದ್ದೆ. ಒಂದು ಗಂಟೆ ಕಾಯಕ್ಕಾಗ್ಲಿಲ್ವಾ ನಂಗೋಸ್ಕರ?"

ಮಾತಾಡಬಾರದು ಎಂಬುದು ನಿಯಮ. ಅರವತ್ತು ವರ್ಷದಲ್ಲಿ ಒಂದು ಸಲವೂ ನಾನು ಅದನ್ನು ಮುರಿದವಳಲ್ಲ.

"ಕಾಯ್ತಿದ್ರು," ಎಂದೆ. "ಯೂನನ್ ಎರಡ್ಸಲ ಕೇಳಿದ್ರು, ಕಾಯೋಣ ಅಂತ. ನಾನೇ ಮುಚ್ಚಿ ಅಂದೆ. ನಿಂಗೆ ಸುಳ್ಳು ಹೇಳ್ದೆ."

ಬಟ್ಟೆಯೊಳಗೆ ನನ್ನ ಉಸಿರು ನನಗೇ ಬಿಸಿಯಾಗಿ ತಾಗುತ್ತಿತ್ತು. ಅವಳು ಅಲ್ಲಾಡಲಿಲ್ಲ. ಅತ್ತಿತ್ತಲಿನವರು ಏನೋ ತಮಾಷೆ ನಡೆದಿದೆ ಎಂದು ಕಾಯುತ್ತಿದ್ದರು. ಆಮೇಲೆ ಅವಳು ಬುಟ್ಟಿಯಿಂದ ಒಂದು ಸೇಬು, ಒಂದು ಹಿಡಿ ಆಕ್ರೋಟು ತೆಗೆದು ನನ್ನ ಮಡಿಲಿಗೆ ಹಾಕಿ ಎದ್ದಳು. "ಸೋತೆ! ಗುರುತು ಸಿಗ್ಲಿಲ್ಲ," ಎಂದು ಜನರಿಗೆ ಕೂಗಿ ಹೇಳಿ ಮುಂದಿನ ಮೇಜಿಗೆ ಹೋದಳು.

ನಾನು ಚೀಲವನ್ನು ಹೋಟೆಲಿನ ಬಾಗಿಲಿನವರೆಗೂ ತೆಗೆಯಲಿಲ್ಲ. ಬೀದಿಯಲ್ಲಿ ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ. ಇವತ್ತು ಅಳುವವರಿಗೂ ಅನುಕೂಲದ ದಿನ.

ನವೆಂಬರ್ 1, ಶುಕ್ರವಾರ. ಸಂತರ ಹಬ್ಬ

ಬೆಳಗ್ಗೆ ತಿಂಡಿಗೆ ಇಳಿಯಲಿಲ್ಲ. ನಾಳೆ ವಿಮಾನ, ಅಷ್ಟರೊಳಗೆ ಅವಳ ಕಣ್ಣಿಗೆ ಬೀಳದೆ ಹೊರಟರೆ ಸಾಕು ಎಂದು ಬಟ್ಟೆ ಮಡಿಸುತ್ತಿದ್ದೆ. ಹತ್ತಕ್ಕೆ ಬಾಗಿಲು ಬಡಿದ ಸದ್ದು. ವಿಸೆಂತೆ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ವ್ಯಾನಿನ ಕೀಲಿ. ಅವನಿಗೆ ನಮ್ಮ ಮಾತು ಅರ್ಧಂಬರ್ಧ.

"ಗೊರೆಟ್ಟಿ ಹೇಳಿದಳು. ನೀವು ಬರಬೇಕು. ಸ್ಮಶಾನ. ಕೆಲಸ ಇದೆ."

ಡಿಂಪ್ನಾ ಹಾಸಿಗೆಯಿಂದಲೇ, "ಅವಳು ನಿನ್ನ ಹೂತುಹಾಕಿದ್ರೆ ಹ್ಯಾಮ್ ನಾನೊಬ್ಳೇ ತಿಂತೀನಿ," ಎಂದಳು. ನನಗೆ ನಗಲು ಆಗಲಿಲ್ಲ.

ಸ್ಮಶಾನ ಗುಡ್ಡದ ಮೇಲಿನ ಊರಿನಲ್ಲಿ. ಇವರು ನೆಲದಲ್ಲಿ ಹೂಳುವುದಿಲ್ಲ, ಎತ್ತರದ ಗೋಡೆಯ ಗೂಡುಗಳಲ್ಲಿ ಇಟ್ಟು ಅಮೃತಶಿಲೆಯ ಹಲಗೆ ಮುಚ್ಚುತ್ತಾರೆ. ಇವತ್ತು ತಮ್ಮವರ ಗೂಡು ತೊಳೆದು ಹೂವಿಡಲು ಊರಿಗೆ ಊರೇ ಬಕೆಟ್ಟು, ಬಟ್ಟೆ, ಸೇವಂತಿಗೆ ಹಿಡಿದು ಬಂದಿತ್ತು. ಗೊರೆಟ್ಟಿ ಚಕ್ರದ ಏಣಿಯ ಮೇಲೆ ನಿಂತು ಮೇಲಿನ ಸಾಲಿನ ಕಲ್ಲು ಉಜ್ಜುತ್ತಿದ್ದಳು. ವಿಸೆಂತೆ ನೀರು ತರುತ್ತೇನೆಂದು ಹೋದ.

ಅವಳು ತಿರುಗಿ ನೋಡಲಿಲ್ಲ. "ಏಣಿ ಹಿಡ್ಕೋ. ಚಕ್ರ ಸರಿ ಇಲ್ಲ. ಇದು ಅವ್ನಮ್ಮನ ಗೂಡು."

ಹಿಡಿದುಕೊಂಡೆ. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ಚಪ್ಪಲಿ ಮಾತ್ರ.

"ಏಳು ವರ್ಷ ಆ ಯೂನನ್‌ಗೆ ಶಾಪ ಹಾಕಿದೀನಿ ಕಣೇ. ಒಂದು ದಿನ ತಪ್ಪಿಸಿಲ್ಲ."

"ಹೋದ ತಿಂಗಳು ತೀರ್ಕೊಂಡ್ರು."

ಮೇಲೆ ಬಟ್ಟೆಯ ಸದ್ದು ನಿಂತಿತು. "ಅಯ್ಯೋ ದೇವ್ರೇ," ಎಂದಳು. "ನಿನ್ನ ಹೆಸ್ರು ಹೇಳ್ಲಿಲ್ಲ ಆ ಮನುಷ್ಯ."

"ಇಲ್ಲ."

ಒದ್ದೆ ಬಟ್ಟೆ ನನ್ನ ಭುಜದ ಮೇಲೆ ಚಟ್ಟನೆ ಬಿತ್ತು. "ಹಿಂಡಿ ಕೊಡು," ಎಂದಳು. ಹಿಂಡಿ ಕೊಟ್ಟೆ. "ನಿನ್ನ ಕ್ಷಮಿಸಿದೀನಿ ಅಂದ್ಕೋಬೇಡ."

"ಅಂದ್ಕೊಂಡಿಲ್ಲ."

"ಅಮ್ಮನ ಮುಖ ನನ್ನ ಕಣ್ಣಿಗೆ ಬೀಳ್ಲೇ ಇಲ್ಲ ಮಜೆಲ್ಲಾ. ಕಣ್ಮುಚ್ಚಿದ್ರೆ ಬರೀ ಮುಚ್ಚಳ ಕಾಣುತ್ತೆ. ಹೇಗಿದ್ಲು ಹೇಳು. ಒಂದೂ ಬಿಡದೆ ಹೇಳು."

ಹೇಳಿದೆ. ನೀಲಿ ಕಾರ್ಡಿಗನ್ ಎಂದಾಗ, "ಮುತ್ತಿನ ಗುಂಡಿದಾ?" ಎಂದಳು. ಹೌದು, ಮೇಲಿನ ಗುಂಡಿ ಉದುರಿತ್ತು, ಆ ಬೆಳಗ್ಗೆಯೇ ಹೊಲಿದೆ ಎಂದೆ. ಡಿಂಪ್ನಾ ಅಮ್ಮನ ತುಟಿಗೆ ಕೆಂಪು ಬಳಿದದ್ದನ್ನೂ, ನಾನು ಬೈದು ಒರೆಸಿದ್ದನ್ನೂ ಹೇಳಿದೆ. ಕನ್ನಡಕ ಹಾಕಬೇಕೋ ಬೇಡವೋ ಎಂದು ಅರ್ಧ ಗಂಟೆ ವಾದವಾಗಿ ಕೊನೆಗೆ ಹಾಕಿದ್ದು, ಇಲ್ಲದಿದ್ದರೆ ಅಮ್ಮ ಅಮ್ಮನ ಹಾಗೆ ಕಾಣುತ್ತಿರಲಿಲ್ಲ. ಜಪಸರವನ್ನು ಎಡಗೈಗೆ ಸುತ್ತಿದ್ದು. ಹಣೆಯ ಗೆರೆಗಳು ಹೋಗಿ ಮುಖ ಚಿಕ್ಕ ಹುಡುಗಿಯದಾಗಿದ್ದದ್ದು. ಮೇಲಿನಿಂದ ಮೂಗು ಸೀಟುವ ಸದ್ದು ಬರುತ್ತಿತ್ತು. ಕಲ್ಲು ಆಗಲೇ ಕನ್ನಡಿಯಂತಾಗಿದ್ದರೂ ಉಜ್ಜುತ್ತಲೇ ಇದ್ದಳು.

"ನನ್ನ ಕೇಳ್ತಿದ್ಲಾ?" ಎಂದಳು ಕೊನೆಗೆ.

ದಿನಾ ಕೇಳುತ್ತಿದ್ದಳು ಎಂದಿದ್ದರೆ ಸಾಕಿತ್ತು. ಆದರೆ ಇನ್ನು ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಕಡೇ ನಾಲ್ಕು ತಿಂಗಳು ಕೇಳ್ಲಿಲ್ಲ. ನನ್ನೇ ನೀನು ಅಂದ್ಕೊಂಡಿದ್ಲು. ಗೊರೆಟ್ಟಿ, ಗೊರೆಟ್ಟಿ ಅಂತ ನನ್ನನ್ನ ಕರಿಯೋಳು."

"ನೀನೇನ್ಮಾಡ್ದೆ?"

"ಮೊದಮೊದ್ಲು ನಾನು ಮಜೆಲ್ಲಾ ಕಣಮ್ಮಾ ಅಂತಿದ್ದೆ. ಅಳೋಳು. ಆಮೇಲೆ ಓ ಅನ್ನಕ್ಕೆ ಶುರು ಮಾಡ್ದೆ."

ಅವಳು ಏಣಿಯ ಮೇಲೆಯೇ ತಿರುಗಿದಳು. ಏಳು ವರ್ಷದಲ್ಲಿ ಮೊದಲ ಸಲ ಅವಳ ಮುಖ ನೆಟ್ಟಗೆ ನೋಡಿದೆ. "ನನ್ನ ಹೆಸ್ರಿಗೆ ನೀನು ಓ ಅಂದ್ಯಾ?"

"ಹೂಂ. ಪ್ರಾಣ ಹೋಗೋವಾಗ್ಲೂ. ಅಮ್ಮನ ಪಾಲಿಗೆ ನೀನೇ ಪಕ್ಕದಲ್ಲಿದ್ದೆ. ನೀನೇ ಕೈ ಹಿಡ್ಕೊಂಡಿದ್ದೆ."

ಆ ಕೈ ಹಿಡಿದವಳು ನಾನು ಎಂಬುದೊಂದೇ ನನ್ನ ಹತ್ತಿರ ಉಳಿದಿತ್ತು, ಅದನ್ನೂ ಕೊಟ್ಟುಬಿಟ್ಟೆ.

ಅವಳು ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಏಪ್ರನ್ನಿನಲ್ಲಿ ಮುಖ ಒರೆಸಿಕೊಂಡಳು.

"ಮತ್ತೆ ನೀನು? ನೀನೆಲ್ಲಿ ಅಂತ ಕೇಳ್ತಿರ್ಲಿಲ್ವಾ ಅಮ್ಮ?"

"ಕೇಳೋಳು. 'ಗೊರೆಟ್ಟಿ, ಮಜೆಲ್ಲಾ ಎಲ್ಲಿ, ಇನ್ನೂ ಬಂದಿಲ್ವಾ, ಊಟ ಮಾಡಿದ್ಲಾ' ಅಂತ. ಬರ್ತಾಳೆ ಮಲ್ಕೋ ಅಂತಿದ್ದೆ."

"ಎಷ್ಟು ಸಲ ಕೇಳೋಳು?"

"ಎಷ್ಟು ಸಲ ಅಂದ್ರೇನು? ದಿನಾ. ದಿನಕ್ಕೆ ಹತ್ತು ಸಲ."

ಗೊರೆಟ್ಟಿ ನನ್ನನ್ನು ನೋಡಿದಳು. ಚಿಕ್ಕಂದಿನಲ್ಲಿ ನನ್ನ ಲೆಕ್ಕ ತಪ್ಪಿದಾಗ ನೋಡುತ್ತಿದ್ದ ಹಾಗೆ.

"ಪೆದ್ದಿ," ಎಂದಳು. "ನಾನು ಪಕ್ಕದಲ್ಲೇ ಇದ್ದೀನಿ ಅಂತ ಅವಳಿಗೆ ಸಮಾಧಾನ ಆಗಿತ್ತು. ಅಮ್ಮ ಕಾಯ್ತಿದ್ದಿದ್ದು ನಿನ್ನನ್ನ."

ಅವಳು ಬಕೆಟ್ಟಿನ ಕೊಳೆನೀರು ಚೆಲ್ಲಿ, ಸೇವಂತಿಗೆ ಜೋಡಿಸಿ, ಪಕ್ಕದ ಗೂಡಿನವರ ಹತ್ತಿರ ಮಾತಾಡಿಯೂ ಬಂದಳಂತೆ. ನನಗೆ ನೆನಪಿಲ್ಲ. ಖಾಲಿ ಏಣಿಯನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೇ ನಿಂತಿದ್ದೆನಂತೆ. ಕಡೆಗೆ ವಿಸೆಂತೆ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.